ಹಾಡು ಕೇಳತ್ತೆ, ಮಾತು ಕಟ್ಟಾಗತ್ತೆ

1/8

ಬ್ಲೂಟೂತ್‌ನಲ್ಲಿ ಹಾಡು ಕೇಳೋವಾಗ ಎಲ್ಲಾ ಸರಿ ಇರತ್ತೆ, ಅದೇ ಒಂದು ಫೋನ್ ಕಾಲ್ ಬಂದ್ರೆ ಮಾತು ಚೂರುಚೂರಾಗತ್ತೆ. ನಿಮಗೂ ಹೀಗೆ ಆಗಿದೆಯಾ? ಹಾಗಾದ್ರೆ ಈ ಸರಣಿ ನಿಮಗೇ. ಒಟ್ಟು ಎಂಟು ಪೋಸ್ಟ್. ಪುರುಸೊತ್ತಾದಾಗ ಓದಿ.

ಫೋಟೋದಲ್ಲಿ ಗೋಡೆಯ ಮೊಳೆಗೆ ಪಂಚೆ ಪಕ್ಕ ನೇತಾಡ್ತಿರೋ ಕಪ್ಪು ನೆಕ್‌ಬ್ಯಾಂಡ್ ನಮ್ಮಪ್ಪಂದು. ಅರಸೀಕೆರೆ ಹತ್ರದ ಹಳ್ಳೀಲಿ ಒಂದಿಷ್ಟು ತೆಂಗಿನ ತೋಟ ಇದೆ. ಅಪ್ಪನಿಗೆ ಈಗ 71. ನಾಲ್ಕೈದು ವರ್ಷದಿಂದ ಕಿವಿ ಮಂದ. ಫೋನನ್ನ ಕಿವಿಗಿಟ್ಟುಕೊಂಡರೆ ಒಂದೇ ಕಿವಿ, ನೆಕ್‌ಬ್ಯಾಂಡ್ ಹಾಕಿದ್ರೆ ಎರಡೂ ಕಿವಿಗೂ ಮಾತು ಬೀಳತ್ತೆ ಅಂತ ತಂದುಕೊಟ್ಟಿದ್ದೆ. ಮೊದಮೊದಲು ಅವರಿಗದು ಹೊಸ ಸೈಕಲ್ ಸಿಕ್ಕಂಗೆ. ತೋಟಕ್ಕೆ ಹೋದ್ರೂ ಕತ್ತಲ್ಲಿ ಅದೇ.

ಆಮೇಲೆ ನಿಧಾನಕ್ಕೆ ನಮ್ಮ ಸಂಜೆ ಮಾತು ಚಿಕ್ಕದಾಗ್ತಾ ಬಂತು. "ಏನಂದೆ? ಹಾಂ? ಕಟ್ಟಾಗ್ತೈತೆ ಮಗ, ನಿಮ್ಮಮ್ಮಂಗೆ ಕೊಡ್ತೀನಿ ತಡಿ." ಮೂರು ತಿಂಗಳು ಹೀಗೇ ನಡೀತು. ನಾನಿರೋದು ಬೆಂಗಳೂರಲ್ಲಿ. ನನ್ನ ಪಾಲಿಗೆ ಅಪ್ಪ ಅಂದ್ರೆ ಆ ಸಂಜೆಯ ಹದಿನೈದು ನಿಮಿಷವೇ. ಅದು ಎರಡು ನಿಮಿಷಕ್ಕೆ ಇಳಿದಾಗ ನನಗೆ ಹೆದರಿಕೆಯಾಗಿದ್ದು ನೆಕ್‌ಬ್ಯಾಂಡಿನ ಬಗ್ಗೆ ಅಲ್ಲ.

ಅಮ್ಮ ಹೇಳಿದ್ದು ಇನ್ನೊಂದು ವಿಷಯ: "ಹಾಡು ಮಾತ್ರ ಚೆನ್ನಾಗ್ ಕೇಳ್ಕತಾರೆ ಕಣೆ. ಕುಣಿಯೋದೊಂದ್ ಬಾಕಿ."

ಹಾಡು ಕೇಳತ್ತೆ, ಮಗಳ ಮಾತು ಕೇಳಲ್ಲ. ಮನೆಯವರಿಗೆಲ್ಲ ಇದು ತಮಾಷೆ. ಆದ್ರೆ ಇದಕ್ಕೆ ಕಾರಣ ಅಪ್ಪನ ಮನಸ್ಸಲ್ಲಿಲ್ಲ, ಬ್ಲೂಟೂತ್ ಕೆಲಸ ಮಾಡೋ ರೀತೀಲೇ ಇದೆ.

2/8

ನಿಮ್ಮನೆ ತಾರಸಿ ಮೇಲೆ ನೀರಿನ ಟ್ಯಾಂಕ್ ಇದೆ ಅಂದ್ಕೊಳ್ಳಿ. ಕರೆಂಟ್ ಹೋದ್ರೂ, ಮೋಟಾರ್ ನಿಂತ್ರೂ, ಸ್ವಲ್ಪ ಹೊತ್ತು ನಲ್ಲೀಲಿ ನೀರು ಬರ್ತಾನೇ ಇರತ್ತೆ. ಹಾಡು ಹಾಗೆ. ಫೋನು ಹಾಡನ್ನ ಸ್ವಲ್ಪ ಮುಂಚಿತವಾಗಿಯೇ ಹೆಡ್‌ಫೋನಿಗೆ ಕಳಿಸಿ ಅಲ್ಲಿ ಕೂಡಿಟ್ಟಿರತ್ತೆ. ದಾರೀಲಿ ಒಂದು ತುಣುಕು ಕಳೆದುಹೋದ್ರೆ ಮತ್ತೆ ಕಳಿಸೋಕೆ ಸಮಯ ಇರತ್ತೆ. ಹಾಡು ಒಂದು ಕ್ಷಣ ತಡವಾಗಿ ಬಂದ್ರೆ ಯಾರಿಗೆ ಗೊತ್ತಾಗತ್ತೆ?

ಫೋನ್ ಕಾಲ್ ಹಾಗಲ್ಲ. ಅದು ಬೋರ್‌ವೆಲ್ ಪೈಪಿಗೇ ನೇರ ಬಾಯಿ ಕೊಟ್ಟಂಗೆ. ನಾನು "ಊಟ ಆಯ್ತಾ" ಅಂದಿದ್ದು ಆಗಲೇ ಕೇಳಬೇಕು, ಎರಡು ಸೆಕೆಂಡ್ ಬಿಟ್ಟು ಕೇಳಿದ್ರೆ ಅದು ಸಂಭಾಷಣೆಯೇ ಅಲ್ಲ. ಹಾಗಾಗಿ ಕೂಡಿಡೋಕೆ ಹೆಚ್ಚು ಜಾಗ ಇಲ್ಲ, ಮತ್ತೆ ಕಳಿಸೋಕೆ ಹೆಚ್ಚು ಪುರುಸೊತ್ತಿಲ್ಲ. ಸಮಯಕ್ಕೆ ಸಿಗದ ತುಣುಕು ಕಳೆದೇಹೋಯ್ತು. ಸಿಗ್ನಲ್ ಎರಡರಲ್ಲೂ ಅಷ್ಟೇ ಕೆಟ್ಟದಾಗಿರಬಹುದು, ಹಾಡು ಅದನ್ನ ಮುಚ್ಚಿಡತ್ತೆ, ಮಾತು ಬಯಲು ಮಾಡತ್ತೆ.

ಕಿವಿ ಚುರುಕಾಗಿರೋರು ಮಧ್ಯದಲ್ಲಿ ಒಂದಕ್ಷರ ಹೋದ್ರೂ ಊಹೆ ಮಾಡಿ ತುಂಬಿಕೊಳ್ತಾರೆ. ವಯಸ್ಸಾದ ಕಿವಿಗೆ ಆ ಉಳಿತಾಯ ಇಲ್ಲ. ವಯಸ್ಸಿನಿಂದ ಬರೋ ಮಂದಗಿವೀಲಿ ಮೊದಲು ಹೋಗೋದು ತೀಕ್ಷ್ಣ ಸದ್ದುಗಳು: ಸ, ಶ, ಥ, ಫ. "ಸಾಲ" ಅಂದಿದ್ದು "ಹಾಲು" ಅಂತ ಕೇಳತ್ತೆ. ಸ್ವರಗಳು ದಪ್ಪ ಸದ್ದು, ಅವು ಕೇಳ್ತಾನೇ ಇರತ್ತೆ. ಅದಕ್ಕೇ ಇವರು "ನೀನು ಮಾತಾಡ್ತಿರೋದು ಕೇಳ್ತೈತೆ, ಏನು ಅಂತ ಗೊತ್ತಾಗ್ತಿಲ್ಲ" ಅನ್ನೋದು. ಅಕ್ಷರಶಃ ನಿಜ ಅದು. ಹಳೇ ಬಗೆಯ ಬ್ಲೂಟೂತ್ ಕಾಲ್‌ನಲ್ಲಿ 4 ಕಿಲೋಹರ್ಟ್ಸ್‌ನಿಂದ ಮೇಲಿನ ಸದ್ದು ಹೋಗೋದೇ ಇಲ್ಲ, "ಸ"ಕಾರದ ಜೀವ ಇರೋದು ಬಹುಪಾಲು ಅಲ್ಲೇ. ಈಗಿನ ಸಾಧನಗಳಲ್ಲಿ ಇದು ಸುಧಾರಿಸಿದೆ, ಫೋನು ಮತ್ತು ಹೆಡ್‌ಫೋನ್ ಎರಡೂ ಅದನ್ನ ಬಲ್ಲವಾಗಿರಬೇಕು ಅಷ್ಟೆ.

ಮೊದಲೇ ಅರ್ಧ ಕೇಳೋ ಕಿವಿ, ಅದರ ಮೇಲೆ ತುಂಡಾದ ಮಾತು. ಅಪ್ಪ ಫೋನ್ ಅಮ್ಮಂಗೆ ಕೊಟ್ಟಿದ್ದು ಬೇಸರದಿಂದಲ್ಲ, ಸುಸ್ತಿನಿಂದ.

3/8

ಹಾಗಾದ್ರೆ ಸಿಗ್ನಲ್ ತಡೀತಿರೋದು ಏನು?

ಮೊದಲು ಒಂದು ಪರೀಕ್ಷೆ ಮಾಡಿ, ಅರ್ಧ ತಲೆಬಿಸಿ ಅಲ್ಲೇ ಕಮ್ಮಿಯಾಗತ್ತೆ. ಮಾತು ಕಟ್ಟಾಗ್ತಿರೋವಾಗ ಬ್ಲೂಟೂತ್ ಬಿಟ್ಟು ಸ್ಪೀಕರ್‌ಗೆ ಹಾಕಿ. ಸ್ಪೀಕರಿನಲ್ಲೂ ಕಟ್ಟಾದ್ರೆ ಟವರ್ ಕಡೆ ತೊಂದರೆ. ಸ್ಪೀಕರಿನಲ್ಲಿ ನೀಟಾಗಿ ಬಂದ್ರೆ ತೊಂದರೆ ಇರೋದು ನಿಮ್ಮ ಜೇಬಿಗೂ ನಿಮ್ಮ ಕಿವಿಗೂ ನಡುವಿನ ಮೂರಡಿಯಲ್ಲಿ. ಅಪ್ಪ "ತೋಟದಲ್ಲಿ ಟವರ್ ಇಲ್ಲ" ಅಂತಿದ್ರು. ಸ್ಪೀಕರ್ ಹಾಕಿಸಿದೆ. ಗಂಟೆ ಹೊಡೆದಂಗೆ ಕೇಳ್ತು.

ಆ ಮೂರಡಿಯಲ್ಲಿ ಇರೋದು ಅಪ್ಪನೇ!

ಬ್ಲೂಟೂತ್ ನಡೆಯೋದು 2.4 ಗಿಗಾಹರ್ಟ್ಸ್ ಅಲೆಯ ಮೇಲೆ. ಒಂದು ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಅಂದ್ರೆ ಗೇಣಿಗಿಂತ ಚಿಕ್ಕದು. ನೀರು ಈ ಅಲೆಯನ್ನ ಚೆನ್ನಾಗಿ ಕುಡಿದುಬಿಡತ್ತೆ. ನಮ್ಮ ಮೈ ತೂಕದಲ್ಲಿ ಹೆಚ್ಚುಕಮ್ಮಿ ಶೇಕಡಾ 60 ನೀರೇ. ಇತ್ತ ಕಳಿಸೋ ಶಕ್ತಿ ನೋಡಿದ್ರೆ, ಕ್ಲಾಸ್ 2 ಅನ್ನೋ ವರ್ಗದ ಬ್ಲೂಟೂತ್ ಸಾಧನಕ್ಕೆ ಮಿತಿ 2.5 ಮಿಲಿವ್ಯಾಟ್. ಮನೇಲಿ ಉರಿಯೋ 9 ವ್ಯಾಟಿನ ಎಲ್‌ಇಡಿ ಬಲ್ಬಿನ 3600ರಲ್ಲಿ ಒಂದು ಪಾಲು. ಅಷ್ಟು ಸಣ್ಣ ದನಿ ಇಷ್ಟು ದೊಡ್ಡ ನೀರಿನ ಚೀಲ ದಾಟಿ ಬರಬೇಕು.

ಅಪ್ಪನಿಗೆ ನಾನು ಹೇಳಿದ್ದು: "ಅಪ್ಪ, ನೀನು ನಡೆದಾಡೋ ಎಳನೀರು."

"ಬಲ್ತೋಗಿರೋ ಕಾಯಿ ಕಣವ್ವ, ಎಳನೀರೆಲ್ಲಿ ಬಂತು" ಅಂದ್ರು.

ಅವರು ಫೋನ್ ಇಡ್ತಿದ್ದದ್ದು ಎಲ್ಲಿ ಗೊತ್ತಾ? ಪಂಚೆ ಒಳಗೆ, ಪಟಾಪಟಿ ಚಡ್ಡಿ ಜೇಬಲ್ಲಿ. ನಮ್ಮ ಕಡೆ ಗಂಡಸರ ಲಾಕರ್ ಅದು. ದುಡ್ಡು, ಬೀಗದ ಕೈ, ಎಲೆಅಡಿಕೆ ಸಂಚಿ, ಈಗ ಮೊಬೈಲು. ತೊಡೆ, ಸೊಂಟ, ಹೊಟ್ಟೆ, ಎದೆ, ಇಷ್ಟನ್ನೂ ದಾಟಿ ಸಿಗ್ನಲ್ ಕತ್ತಿಗೆ ಬರಬೇಕು. ಬಗ್ಗಿ ಕಾಯಿ ಆರಿಸೋವಾಗಂತೂ ದಾರಿ ಪೂರ್ತಿ ಬಂದ್.

ಮನೆಯೊಳಗೆ ಮಾತ್ರ ಯಾಕೆ ಪರವಾಗಿಲ್ಲ? ಗೋಡೆ ಇದೆ, ಸೂರು ಇದೆ. ಮೈ ಅಡ್ಡ ಬಂದ್ರೂ ಅಲೆ ಗೋಡೆಗೆ ಹೊಡೆದು, ಸೂರಿಗೆ ಹೊಡೆದು, ಸುತ್ತಿ ಬಳಸಿ ಕಿವಿ ಸೇರತ್ತೆ. ಬಯಲಲ್ಲಿ ಹೊಡೆದು ವಾಪಸ್ ಬರೋಕೆ ಏನೂ ಇಲ್ಲ. ಹೊರಟ ಅಲೆ ಹೊರಟೇ ಹೋಯ್ತು. ಬಯಲಾದ್ರೆ ಸಿಗ್ನಲ್ ಚೆನ್ನಾಗಿರತ್ತೆ ಅಂತ ಅನ್ಸತ್ತೆ ಅಲ್ವಾ? ಟವರ್ ಸಿಗ್ನಲ್ಲಿಗೆ ಅದು ಸರಿ, ಬ್ಲೂಟೂತ್‌ಗೆ ಉಲ್ಟಾ.

4/8

ಕಾರಣ ಗೊತ್ತಾಯ್ತು. ಆದ್ರೆ ನಮ್ಮಪ್ಪ ಫೋನಲ್ಲಿ ಹೇಳಿದ್ರೆ ನಂಬೋ ಪೈಕಿ ಅಲ್ಲ, ಕಣ್ಣಾರೆ ತೋರಿಸ್ಬೇಕು. ಒಂದು ಶನಿವಾರ ರೈಲು ಹತ್ತಿದೆ. "ಹೆಂಗೂ ಬರ್ತೀಯ, ಹಳೇಬೀಡು ಬೇಲೂರಿಗೆ ಹೋಗ್ಬರಣ" ಅಂದ್ರು. ಮನೆಯಿಂದ ಇಷ್ಟು ಹತ್ರ ಇದ್ದೂ ಎಷ್ಟೋ ವರ್ಷದಿಂದ ಅವರು ಅತ್ತ ಹೋಗಿರಲಿಲ್ಲ.

ಫೋಟೋ: ಅರಸೀಕೆರೆ ಜಂಕ್ಷನ್. ಬೆಂಗಳೂರು–ಹುಬ್ಬಳ್ಳಿ ಲೈನಿಗೆ ಹಾಸನ–ಮೈಸೂರಿನ ಲೈನು ಬಂದು ಸೇರೋ ಜಾಗ. ಪ್ಲಾಟ್‌ಫಾರ್ಮ್ ತುಂಬ ಜನ, ಎಲ್ಲರ ಕಿವೀಲೂ ಏನೋ ಒಂದು. ವೈಫೈ, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲಾ ಇದೇ 2.4 ಗಿಗಾಹರ್ಟ್ಸ್ ಪಟ್ಟೀಲೇ ಇರೋದು. ಭಾರತದಲ್ಲಿ ಈ ಪಟ್ಟಿಗೆ ಲೈಸೆನ್ಸ್ ಬೇಡ ಅಂತ ಆಗಿದ್ದು 2005ರಲ್ಲಿ. ಯಾರು ಬೇಕಾದ್ರೂ ಬಳಸಬಹುದು, ಹಾಗಾಗಿ ಎಲ್ಲರೂ ಬಳಸ್ತಾರೆ. ಸಂತೆ.

ಈ ಸಂತೇಲಿ ನನ್ನ ಹಾಡು ನಿಮ್ಮ ಕಿವಿಗೆ ಬರದೇ ಇರೋದು ಹೇಗೆ ಅನ್ನೋದನ್ನ ಅರಸೀಕೆರೆಯವರಿಗೆ ಹೇಳೋದು ಸುಲಭ. ಹಳಿ ಬದಲಾಯಿಸೋದು! ಸಾಮಾನ್ಯ ಬ್ಲೂಟೂತ್ ಆಡಿಯೋಗೆ 79 ಹಳಿ ಇದೆ ಅಂದ್ಕೊಳ್ಳಿ. ಫೋನು ಮತ್ತು ಹೆಡ್‌ಫೋನ್ ಸೆಕೆಂಡಿಗೆ 1600 ಸಲ ಹಳಿ ಬದಲಾಯಿಸ್ತಾ ಓಡ್ತವೆ. ಯಾವುದರ ಮೇಲೆ ಯಾವುದು ಅನ್ನೋ ಕ್ರಮ ಆ ಎರಡಕ್ಕೆ ಮಾತ್ರ ಗೊತ್ತು. ವೈಫೈ ಅಂದ್ರೆ ಒಂದೇ ಸಲ ಇಪ್ಪತ್ತು ಹಳಿ ಹಿಡಿದು ನಿಲ್ಲೋ ಗೂಡ್ಸ್ ಗಾಡಿ. 2003ರಿಂದ ಈಚಿನ ಬ್ಲೂಟೂತ್‌ಗೆ ಆ ಗೂಡ್ಸ್ ನಿಂತಿರೋ ಹಳಿಗಳನ್ನ ಗುರುತಿಸಿ ಬಿಟ್ಟು ಹೋಗೋ ಬುದ್ಧಿಯೂ ಇದೆ.

(ಹೀಗೆ ನೆಗೆಯೋ ಯೋಚನೆಗೆ 1942ರಲ್ಲೇ ಅಮೆರಿಕದಲ್ಲಿ ಒಂದು ಪೇಟೆಂಟ್ ಆಗಿತ್ತು. ತಗೊಂಡಿದ್ದು ಹಾಲಿವುಡ್ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್. ಪಿಯಾನೋದ 88 ಮನೆಗಳ ಲೆಕ್ಕದಲ್ಲಿ 88 ಹಳಿ. ಉದ್ದೇಶ ಮಾತ್ರ ಹಾಡಲ್ಲ, ಟಾರ್ಪಿಡೊ.)

ಹಾಗಾಗಿ ಜನಜಂಗುಳಿಯಲ್ಲಿ ಬ್ಲೂಟೂತ್ ನಾವು ಅಂದುಕೊಂಡಷ್ಟು ಕೆಡಲ್ಲ. ಆ ದಿನ ಪ್ಲಾಟ್‌ಫಾರ್ಮಿನ ಸೂರಿನ ಕೆಳಗೆ ಅಪ್ಪನ ನೆಕ್‌ಬ್ಯಾಂಡ್ ಎರಡೇ ಎರಡು ಸಲ ತೊದಲಿತು. ಗದ್ದಲ ಇದ್ದ ಕಡೆ ಹಿಂಗಾದ್ರೆ, ನಿಶ್ಶಬ್ದ ಇರೋ ಕಡೆ?

5/8

ಜಾವಗಲ್ ಮೇಲೆ ಹಳೇಬೀಡು. ಬಸ್ಸು ಜಾವಗಲ್‌ನಲ್ಲಿ ನಿಂತಾಗ ಯಾರಾದ್ರೂ ಒಬ್ರು ಶ್ರೀನಾಥ್ ಹೆಸರು ಎತ್ತಲೇಬೇಕು. ಈ ಸಲ ಎತ್ತಿದ್ದು ಅಪ್ಪ.

ಹೊಯ್ಸಳೇಶ್ವರ ದೇವಸ್ಥಾನದ ಸುತ್ತ ಇರೋ ಹುಲ್ಲುಹಾಸು ನೋಡಿದ್ದೀರಲ್ಲ, ನಮ್ಮ ಪರೀಕ್ಷೆಗೆ ಹೇಳಿ ಮಾಡಿಸಿದ ಜಾಗ. ಒಂದು ಕಾಲದ ದ್ವಾರಸಮುದ್ರ, ರಾಜಧಾನಿ. ಈಗ ವಿಶಾಲ ಬಯಲು, ಮಧ್ಯೆ ಬಳಪದ ಕಲ್ಲಿನ ಜೋಡಿ ಗುಡಿ. ಅಪ್ಪನ್ನ ಹುಲ್ಲಿನ ನಡುವೆ ನಿಲ್ಲಿಸಿ, ನಾನು ಮ್ಯೂಸಿಯಂ ಕಡೆ ದೂರ ಹೋಗಿ ಕಾಲ್ ಮಾಡಿದೆ. ಫೋನು ಮೊದಲಿನ ಜಾಗದಲ್ಲೇ, ಪಟಾಪಟಿ ಜೇಬಲ್ಲಿ.

"ಹಾಂ? ಹಾಂ? ಏನು?" ದೂರದಿಂದಲೇ ಕೈ ಆಡಿಸ್ತಿರೋದು ಕಾಣ್ತಿತ್ತು. ಕೋಣನ ಮುಂದೆ ಕಿನ್ನರಿ ಅಂತ ತಮ್ಮನ್ನೇ ಬೈದುಕೊಂಡ್ರು, ಅದು ಮಾತ್ರ ನನಗೆ ಸ್ಪಷ್ಟವಾಗಿ ಕೇಳ್ತು.

ಹೋಗಿ ಫೋನ್ ತೆಗೆದು ಅಂಗಿಯ ಎದೆ ಜೇಬಿಗೆ ಹಾಕಿದೆ. ನೆಕ್‌ಬ್ಯಾಂಡಿನ ತುದೀಲಿ ಎರಡು ದಪ್ಪ ತುಂಡು ಇರತ್ತಲ್ಲ, ಬ್ಯಾಟರಿ, ಬಟನ್ನು, ಸರ್ಕ್ಯೂಟು ಇರೋದು ಸಾಮಾನ್ಯವಾಗಿ ಅಲ್ಲೇ. ಎದೆ ಜೇಬಿಂದ ಅಲ್ಲಿಗೆ ಒಂದು ಗೇಣು. ನಡುವೆ ಬಟ್ಟೆ ಬಿಟ್ರೆ ಏನಿಲ್ಲ. ಮತ್ತೆ ದೂರ ಹೋಗಿ ಕಾಲ್ ಮಾಡಿದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ: "ಈಗ ನೀನ್ ಉಸಿರಾಡೋದೂ ಕೇಳ್ತೈತಲ್ಲ ಮಗ."

ನಾನು ವಾಪಸ್ ಹೋಗಲಿಲ್ಲ. ಅಲ್ಲೇ ಮರದ ಕೆಳಗೆ ಕೂತೆ. ಅಪ್ಪ ಬಯಲಲ್ಲಿ ಅತ್ತಿತ್ತ ನಡೀತಾ, ನಂದಿ ಮಂಟಪದ ಹತ್ರ ಹೋಗ್ತಾ ಬರ್ತಾ, ಮಾತಾಡಿದ್ದೇ ಮಾತಾಡಿದ್ದು. ತೆಂಗಿಗೆ ಬಿದ್ದಿರೋ ಕುರುವಾಯಿ ಹುಳ. ಅಮ್ಮನ ಮಂಡಿ ನೋವು. ಊರಲ್ಲಿ ನಡೆಯೋ ಮೀಟಿಂಗಿಗೆ ಹೋಗೋದು ಬಿಟ್ಟಿದ್ದಾರಂತೆ, ಯಾಕಂದ್ರೆ "ಅವ್ರು ನಗ್ತಾರೆ, ಯಾಕ್ ನಗ್ತಾವ್ರೆ ಅಂತ ಗೊತ್ತಾಗಲ್ಲ, ನಾನೂ ನಕ್ಕ್ ಬುಡ್ತೀನಿ." ಇದನ್ನ ಎದುರು ಕೂತಾಗ ಅವರು ಯಾವತ್ತೂ ಹೇಳಿರಲಿಲ್ಲ. ಪ್ರವಾಸಿಗಳು ಇಬ್ಬರೂ ಒಂದೇ ಅಂಗಳದಲ್ಲಿ ಫೋನಲ್ಲಿ ಮಾತಾಡೋದನ್ನ ನೋಡಿ ಏನಂದುಕೊಂಡ್ರೋ.

22 ನಿಮಿಷ. ಸ್ಕ್ರೀನ್‌ಶಾಟ್ ಎರಡನೇ ಸ್ಲೈಡಲ್ಲಿದೆ.

6/8

ಹಳೇಬೀಡಿಂದ ಬೇಲೂರು 16 ಕಿಲೋಮೀಟರ್. ಬಸ್ಸಿಗೆ ಕಾಯೋವಾಗ ಮೊದಲ ಪೋಸ್ಟ್‌ಗಳಿಗೆ ಬಂದಿದ್ದ ನಿಮ್ಮ ಪ್ರಶ್ನೆಗಳಿಗೆ ಉತ್ತರ ಬರೆದೆ, ಬೇಗ ಬೇಗ ಹೇಳ್ಬಿಡ್ತೀನಿ.

ಎದೆ ಜೇಬು ಎಲ್ಲರಿಗೂ ಸರಿಯಾ? ಪೇಸ್‌ಮೇಕರ್ ಇರೋರಿಗೆ ಬೇಡ. ಅವರು ಫೋನನ್ನ ಅದರಿಂದ 15 ಸೆಂಟಿಮೀಟರ್ ಆದ್ರೂ ದೂರ ಇಡಬೇಕು. ಸೊಂಟದ ಮುಂದೆ, ಹೆಡ್‌ಫೋನಿನ ಬಟನ್ನಿರೋ ಪಕ್ಕಕ್ಕೆ ಇಟ್ಟರೂ ಹಿಂದಿನ ಜೇಬಿಗಿಂತ ಎಷ್ಟೋ ವಾಸಿ. ಅಂಗಿಗೆ ಜೇಬೇ ಇಲ್ಲದ ನಮ್ಮ ಕುರ್ತಾಗಳ ಬಗ್ಗೆ ನಾನು ಮಾತಾಡಿದ್ರೆ ಸರಣಿ ಇಪ್ಪತ್ತಾಗತ್ತೆ.

ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಕಟ್ಟಾಗತ್ತೆ ಅಂದವರು: ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಅಥವಾ ಹಬ್ ಚುಚ್ಚಿದ್ದೀರಾ ನೋಡಿ. ಅದು ಹೊಮ್ಮಿಸೋ ಗದ್ದಲ ಸರಿಯಾಗಿ 2.4ರ ಪಟ್ಟಿಗೇ ಬೀಳತ್ತೆ. ತೆಗೆದು ನೋಡಿ, ಇಲ್ಲಾ ಇನ್ನೊಂದು ಬದಿಗೆ ಹಾಕಿ. ಮನೆ ವೈಫೈನಲ್ಲಿ 5 ಗಿಗಾಹರ್ಟ್ಸ್ ಇದ್ರೆ ಲ್ಯಾಪ್‌ಟಾಪನ್ನ ಅದಕ್ಕೆ ಹಾಕಿ, ಬ್ಲೂಟೂತ್‌ಗೆ ಹಳಿ ಬಿಟ್ಟುಕೊಟ್ಟಂಗಾಗತ್ತೆ.

ಹಾಡೇ ಕಟ್ಟಾಗತ್ತೆ ಅಂದವರು: ಆಂಡ್ರಾಯ್ಡ್‌ನಲ್ಲಿ ಎಲ್‌ಡಿಎಸಿ ಆನ್ ಇದ್ರೆ ಅದು ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಕಳಿಸೋಕೆ ನೋಡತ್ತೆ. ಬಸ್ಸಲ್ಲಿ ಅಷ್ಟು ಗುಣಮಟ್ಟ ಯಾರಿಗೆ ಬೇಕು? ಕನೆಕ್ಷನ್ನಿಗೆ ಆದ್ಯತೆ ಕೊಡೋ ಆಯ್ಕೆ ಅಲ್ಲೇ ಇದೆ.

ಒಂದೇ ಇಯರ್‌ಬಡ್ ಕಟ್ಟಾಗತ್ತೆ ಅಂದವರು: ನಿಮ್ಮ ತಲೆಯೂ ಎಳನೀರೇ. ಫೋನಿಂದ ದೂರ ಇರೋ ಕಿವಿಗೆ ತಲೆ ಅಡ್ಡ. ಫೋನ್ ಜೇಬು ಬದಲಾಯಿಸಿ ನೋಡಿ.

ಎರಡು ಫೋನಿಗೆ ಒಟ್ಟಿಗೆ ಕನೆಕ್ಟ್ ಆಗಿದ್ರೆ ಒಂದನ್ನ ಬಿಡಿಸಿ. ಫೋನಿನ ಪಟ್ಟಿಯಿಂದ ಹೆಡ್‌ಫೋನನ್ನ ಪೂರ್ತಿ ಅಳಿಸಿ ಹೊಸದಾಗಿ ಸೇರಿಸೋದು ಕೆಲವು ಸಲ ಕೆಲಸ ಮಾಡತ್ತೆ, ಆದ್ರೆ ಎಲ್ಲದಕ್ಕೂ ಅದೇ ಔಷಧಿ ಅಂತ ಹೇಳೋರನ್ನ ನಂಬಬೇಡಿ.

ಇನ್ನೊಂದು ಮಾತು. ಅಪ್ಪ ಅಮ್ಮನ ಕಿವಿಗೆ ಹೆಡ್‌ಫೋನ್ ಪರಿಹಾರ ಅಲ್ಲ. ಜೋರಾಗಿ ಇಟ್ಟು ಕೇಳಿದ್ರೆ ಉಳಿದಿರೋದೂ ಹೋಗಬಹುದು. ಅರಸೀಕೆರೆಯಿಂದ ಮೈಸೂರಿಗೆ ನೇರ ರೈಲಿದೆ, ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಾವು ಪರೀಕ್ಷೆಗೆ ಹೋಗೋ ದಿನ ಗೊತ್ತು ಮಾಡಿದ್ದೇವೆ. ಅಲ್ಲಿಗೆ ಹೋಗೋಕೆ ಅಪ್ಪ ಒಪ್ಪಿದ್ದು ಹಳೇಬೀಡಿನ ಆ 22 ನಿಮಿಷದ ಮೇಲೇ.

7/8

ಬೇಲೂರು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ. 2023ರ ಸೆಪ್ಟೆಂಬರಿನಲ್ಲಿ ಹಳೇಬೀಡು, ಸೋಮನಾಥಪುರದ ಜೊತೆ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ. ಜನವೋ ಜನ. ಗೈಡ್‌ಗಳು ಕನ್ನಡ, ಹಿಂದಿ, ಇಂಗ್ಲಿಷಲ್ಲಿ ಒಬ್ಬರ ಮೇಲೊಬ್ಬರು ಹೇಳ್ತಿರ್ತಾರೆ. ನವರಂಗದ ಒಳಗೆ ಹೋದ್ರೆ ಕಲ್ಲಿನ ಗೋಡೆಗೆ ಎಲ್ಲರ ದನಿ ಬಡಿದು ಒಂದೇ ಹುಯಿಲು. ನನಗೇ ಏನೂ ತಿಳೀತಿರಲಿಲ್ಲ.

ಅಪ್ಪ ಮದುವೆಗೆ, ರಥೋತ್ಸವಕ್ಕೆ ಅಂತ ಹಿಂದೆಲ್ಲ ಬೇಲೂರಿಗೆ ಬಂದವರೇ. ಗೈಡ್ ಇಟ್ಟುಕೊಂಡು ನೋಡಿದ್ದು ಒಂದೇ ಸಲ. "ಬಾಯಿ ಆಡ್ತಿತ್ತು, ನಾನು ತಲೆ ಆಡಿಸ್ದೆ" ಅಂತಾರೆ.

ಈ ಸಲ ಬೇರೆ ಉಪಾಯ. ಐಫೋನಿನಲ್ಲಿ ಲೈವ್ ಲಿಸನ್ ಅಂತ ಒಂದು ಸೌಲಭ್ಯ ಇದೆ. ಫೋನೇ ಮೈಕ್ ಆಗತ್ತೆ, ಅದಕ್ಕೆ ಕೇಳಿದ್ದು ಏರ್‌ಪಾಡ್ಸ್‌ಗೆ ಬರತ್ತೆ. ಆಂಡ್ರಾಯ್ಡ್‌ನವರಿಗೆ ಸೌಂಡ್ ಆಂಪ್ಲಿಫೈಯರ್ ಅನ್ನೋ ಆ್ಯಪ್ ಇದೇ ಬಗೆಯದು. ನನ್ನ ಏರ್‌ಪಾಡ್ಸ್ ಅಪ್ಪನ ಕಿವಿಗೆ ಹಾಕಿದೆ. ಫೋನನ್ನ ಗೈಡ್ ಕೈಗೆ ಕೊಟ್ಟೆ, ವಿಷಯ ಹೇಳಿದೆ. ಐವತ್ತರ ಆಸುಪಾಸಿನವರು, ಒಂದು ಸಲ ಅಪ್ಪನ ಮುಖ ನೋಡಿದ್ರು, ಫೋನನ್ನ ತಮ್ಮ ಅಂಗಿ ಜೇಬಿಗೆ ಇಳಿಸಿಕೊಂಡ್ರು. "ಬನ್ನಿ ಯಜಮಾನ್ರೇ, ನಿಮಗೇ ಹೇಳ್ತೀನಿ."

ಜಗತಿ ಮೇಲೆ ಹತ್ತು ಹೆಜ್ಜೆ ಹೋಗಿರಲಿಲ್ಲ, ಅಪ್ಪ ಕಿವಿ ಮುಟ್ಟಿಕೊಂಡ್ರು. ಕಟ್ಟು. ಎದುರು ನಿಂತು ಹೇಳಿದಾಗ ಸರಿ ಇತ್ತು, ಗೈಡ್ ಮುಂದೆ ಅಪ್ಪ ಹಿಂದೆ ಆದ ತಕ್ಷಣ ಹೋಯ್ತು. ಈ ಸಲ ಅಡ್ಡ ಬಂದ ಎಳನೀರು ಗೈಡ್ ಬೆನ್ನು! ನಾನು ಹೇಳೋದಕ್ಕೆ ಬಾಯಿ ತೆಗೆಯೋದರೊಳಗೆ ಅಪ್ಪನೇ ಹೇಳಿದ್ರು, "ನಿಮ್ ಮೈ ಅಡ್ಡ ಬರ್ತೈತೆ ಸ್ವಾಮಿ. ಅದು ನೀರಿದ್ರೆ ದಾಟಲ್ಲ." ಪಾಠ ಕಲಿತ ಹುಡುಗನ ಗತ್ತು.

ಗೈಡ್ ನಕ್ಕು, "ಹಂಗಾದ್ರೆ ಹಿಂದೆ ಯಾಕ್ ಬರ್ತೀರಿ, ಪಕ್ಕದಲ್ಲೇ ಬನ್ನಿ" ಅಂದ್ರು. ಅಲ್ಲಿಂದ ಇಬ್ಬರೂ ಹೆಗಲಿಗೆ ಹೆಗಲು. ಒಂದು ಮೊಳದ ದೂರ, ನಡುವೆ ಏನಿಲ್ಲ. ಮತ್ತೆ ಕಟ್ಟಾಗಲಿಲ್ಲ. ನವರಂಗದೊಳಗೆ ಕತ್ತಲಲ್ಲಿ ಕಂಬದ ಮರೆಯಾದ್ರೂ ಕಟ್ಟಾಗಲಿಲ್ಲ, ಅಲ್ಲಿ ಸುತ್ತ ಕಲ್ಲಿದೆಯಲ್ಲ, ಅಲೆ ಬಡಿದು ಬಡಿದು ಬರತ್ತೆ. ಎಲ್ಲರ ದನಿಯನ್ನ ಕಲಸಿ ಹಾಕಿದ ಅದೇ ಗೋಡೆ ಬ್ಲೂಟೂತ್‌ಗೆ ಉಪಕಾರ ಮಾಡ್ತು.

2022ರಲ್ಲಿ ಆರಾಕಾಸ್ಟ್ ಅನ್ನೋ ಹೊಸ ಬಗೆ ಬಂದಿದೆ, ಒಬ್ಬರ ಮೈಕಿನಿಂದ ಎಷ್ಟು ಜನರ ಕಿವಿಗಾದರೂ ಒಟ್ಟಿಗೆ ಕಳಿಸಬಹುದು, ಹಿಯರಿಂಗ್ ಏಡ್‌ಗೂ ಸೇರಿ. ಇಂಥ ದೇವಸ್ಥಾನಗಳಿಗೆ ಅದು ಬರಬೇಕು ಅನ್ನೋದು ನನ್ನಾಸೆ.

8/8

ಇದು ಕೊನೆ ಫೋಟೋ. ದೂರದಿಂದ ತೆಗೆದಿದ್ದು. ಇಬ್ಬರು ಗಂಡಸರು ತಲೆ ಎತ್ತಿ ಸೂರಿನ ಕೆಳಗಿನ ಮದನಿಕೆ ನೋಡ್ತಿದ್ದಾರೆ, ಒಬ್ಬರ ಬೆರಳು ಮೇಲೆ.

ನನ್ನ ಫೋನು ಅವರ ಹತ್ರ, ಹಾಗಾಗಿ ಇದನ್ನ ತೆಗೆದಿದ್ದು ಅಪ್ಪನ ಫೋನಲ್ಲಿ, ಮಸುಕಾಗಿದೆ, ಕ್ಷಮಿಸಿ. ಆ ಗದ್ದಲದಲ್ಲಿ ಗೈಡ್ ಏನು ಹೇಳಿದ್ರೋ ನನಗೆ ಒಂದಕ್ಷರ ಕೇಳಲಿಲ್ಲ. ಮುಕ್ಕಾಲು ಗಂಟೆ ಅವರಿಬ್ಬರ ಹಿಂದೆ ಸುಮ್ನೆ ನಡೆದೆ.

ವಾಪಸ್ ಬಸ್ಸಲ್ಲಿ ಅಪ್ಪ ಕಿಟಕಿ ಪಕ್ಕ ಕೂತ್ರು. ಸ್ವಲ್ಪ ದೂರ ಹೋದ ಮೇಲೆ ನನ್ನ ಕಡೆ ತಿರುಗಿ, "ಹೊರಗಡೆ ಮೂವತ್ತೆಂಟು ಮದನಿಕೆ ಅವೆ. ಒಳಗಡೆ ನಾಲ್ಕು. ಒಳಗಿನವು ನೋಡ್ದಾ ನೀನು?" ಅಂದ್ರು.

"ಕೇಳಿಸಲಿಲ್ಲ ಅಪ್ಪ, ತುಂಬಾ ಗದ್ಲ ಇತ್ತು."

"ಇಲ್ಲಿ ಕೇಳು ಹಂಗಾರೆ" ಅಂತ ಶುರು ಮಾಡಿದ್ರು. ಜಾವಗಲ್ ದಾಟಿದ್ರೂ ಮುಗಿದಿರಲಿಲ್ಲ.

#ಅರಸೀಕೆರೆ #ಹಳೇಬೀಡು #ಬೇಲೂರು #ಅಪ್ಪ